ಕೆವಿ ನೋಡಿ ಮೋಟರ್ ಕೊಳ್ಳಬೇಡಿ, ತಕ್ಕಡಿಯಿಂದ ಶುರು ಮಾಡಿ

ಪ್ರಶ್ನೆ: ಸರ್, ನಾನು ಇಂಡಿ ತಾಲ್ಲೂಕಿನವನು. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಫೋಮ್ ಬೋರ್ಡಿನಲ್ಲಿ ಒಂದು ಟ್ರೇನರ್ ವಿಮಾನ ಮಾಡಿದ್ದೇನೆ. ರೆಕ್ಕೆ ಉದ್ದ 120 ಸೆಂ.ಮೀ., ಅಗಲ 20 ಸೆಂ.ಮೀ. ಮೋಟರ್, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ), ಬ್ಯಾಟರಿ ಬಿಟ್ಟು ತೂಕ 600 ಗ್ರಾಂ. ಕೆವಿ ಜಾಸ್ತಿ ಇದ್ದರೆ ಪವರ್ ಜಾಸ್ತಿ ಅಂತ ಗೆಳೆಯ ಹೇಳಿದ. ಅದಕ್ಕೆ 2212 ಅಳತೆಯ 2200 ಕೆವಿ ಮೋಟರ್ ತಂದೆ. ಅದಕ್ಕೆ 30 ಆಂಪಿಯರ್ ಇಎಸ್‌ಸಿ, 3ಎಸ್ 2200 ಎಂಎಎಚ್ 25ಸಿ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 10×4.5 ಪ್ರೊಪೆಲ್ಲರ್ ಹಾಕಿದೆ. ಟೇಬಲ್‌ಗೆ ಕಟ್ಟಿ ಫುಲ್ ಥ್ರಾಟಲ್ ಕೊಟ್ಟಾಗ 20 ಸೆಕೆಂಡಿನಲ್ಲಿ ಮೋಟರಿನಿಂದ ಹೊಗೆ ಬಂತು. ಬ್ಯಾಟರಿಯೂ ಸ್ವಲ್ಪ ಉಬ್ಬಿದೆ. ಈಗ ಯಾವ ಮೋಟರ್, ಯಾವ ಬ್ಯಾಟರಿ ತಗೊಳ್ಳಲಿ? 4400 ಎಂಎಎಚ್ ಹಾಕಿದರೆ ಡಬಲ್ ಹೊತ್ತು ಹಾರುತ್ತಾ?

ಉತ್ತರ: ನೀವು ತಂದ ಮೋಟರ್ ಕಳಪೆ ಇರಲಿಲ್ಲ. ಅದಕ್ಕೆ ಕಟ್ಟಿದ ಹೊರೆ ತಪ್ಪಾಯಿತು, ಅಷ್ಟೇ. ಬಾಗಲಕೋಟೆ ನವನಗರದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟರ್ ಸುಟ್ಟುಕೊಂಡು ಬರುವ ರೈತರಿಗೆ ಹೇಳುವ ಮಾತನ್ನೇ ನಿಮಗೂ ಹೇಳುತ್ತೇನೆ. ಇಷ್ಟೇ ಕರೆಂಟ್ ಸಾಕು ಅಂತ ಮೋಟರ್ ತಾನಾಗಿ ಎಂದೂ ನಿಲ್ಲಿಸುವುದಿಲ್ಲ. ಹೊರೆ ಎಷ್ಟು ಕೇಳುತ್ತದೋ ಅಷ್ಟು ಎಳೆಯುತ್ತದೆ, ಸುಡುವ ತನಕ ಎಳೆಯುತ್ತದೆ. ಬೋರ್‌ವೆಲ್‌ನಲ್ಲಿ ಆ ಹೊರೆ ಪಂಪು. ವಿಮಾನದಲ್ಲಿ ಪ್ರೊಪೆಲ್ಲರ್.

ಮೊದಲು ಕೆವಿ ಅಂದರೇನು ನೋಡೋಣ. ಇದು ಕಿಲೋವೋಲ್ಟ್ ಅಲ್ಲ. ಹೊರೆ ಇಲ್ಲದಾಗ ಒಂದು ವೋಲ್ಟಿಗೆ ಮೋಟರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ. 1000 ಕೆವಿ ಮೋಟರಿಗೆ ನಿಮ್ಮ 3ಎಸ್, ಅಂದರೆ ಮೂರು ಸೆಲ್ಲಿನ ಬ್ಯಾಟರಿಯ 11.1 ವೋಲ್ಟ್ ಕೊಟ್ಟರೆ ಸುಮಾರು 11,100 ಸುತ್ತು. 2200 ಕೆವಿಗೆ ಅದೇ ವೋಲ್ಟಿನಲ್ಲಿ 24,400 ಸುತ್ತು. ವೈಂಡಿಂಗ್ ಮಾಡುವವನ ಕಣ್ಣಿಗೆ ಈ ವ್ಯತ್ಯಾಸ ನೇರವಾಗಿ ಕಾಣುತ್ತದೆ. ಮೋಟರಿನೊಳಗೆ ತಂತಿ ಸುತ್ತುವ ಕಬ್ಬಿಣದ ಹಲ್ಲಿಗೆ ದಪ್ಪ ತಂತಿ ಕಡಿಮೆ ಸುತ್ತು ಹಾಕಿದರೆ ಕೆವಿ ಏರುತ್ತದೆ. ಸಣ್ಣ ತಂತಿ ಜಾಸ್ತಿ ಸುತ್ತು ಹಾಕಿದರೆ ಕೆವಿ ಇಳಿಯುತ್ತದೆ, ಒಂದೊಂದು ಆಂಪಿಯರಿಗೆ ಸಿಗುವ ತಿರುಚುವ ಬಲ ಏರುತ್ತದೆ. ಕಬ್ಬಿಣ ಅದೇ, ಅಯಸ್ಕಾಂತ ಅದೇ. ಹಾಗಾಗಿ ಕೆವಿ ಶಕ್ತಿಯ ಅಳತೆ ಅಲ್ಲ. ಅದು ಟ್ರ್ಯಾಕ್ಟರಿನ ಗೇರ್ ಇದ್ದಂತೆ. ಕಬ್ಬು ತುಂಬಿದ ಎರಡು ಟ್ರೇಲರ್ ಕಟ್ಟಿಕೊಂಡು ಟಾಪ್ ಗೇರಿನಲ್ಲಿ ಯಾರೂ ಗಾಡಿ ಎಬ್ಬಿಸುವುದಿಲ್ಲ, ಅಲ್ವಾ? ನಿಮ್ಮ ಟೇಬಲ್ ಮೇಲೆ ಆದದ್ದು ಅದೇ.

10 ಇಂಚಿನ ಬ್ಲೇಡು 1000 ಕೆವಿ ಮೋಟರಿನಲ್ಲಿ 3ಎಸ್ ಬ್ಯಾಟರಿಗೆ ಏಳೆಂಟು ಸಾವಿರ ಸುತ್ತು ತಿರುಗುತ್ತದೆ. 15 ಆಂಪಿಯರ್ ಒಳಗೇ ಕೆಲಸ ಮುಗಿಯುತ್ತದೆ. ಅದೇ ಬ್ಲೇಡನ್ನು ಡಬಲ್ ಸುತ್ತಿಗೆ ಒಯ್ಯಬೇಕೆಂದರೆ ಎಂಟು ಪಟ್ಟು ಶಕ್ತಿ ಬೇಕು. ಸುತ್ತು ಹೆಚ್ಚಿದ್ದರ ಘನಕ್ಕೆ ತಕ್ಕಂತೆ ಪ್ರೊಪೆಲ್ಲರಿನ ಹಸಿವು ಏರುತ್ತದೆ. 2200 ಕೆವಿ ಮೋಟರ್ ಆ ಸುತ್ತಿಗೆ ಹೋಗಲು ಒದ್ದಾಡುತ್ತದೆ, ಕರೆಂಟ್ ಎಳೆಯುತ್ತಲೇ ಹೋಗುತ್ತದೆ. ಇನ್ನು ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 15 ಆಂಪಿಯರ್ ಹೋಗಿ 45 ಆದರೆ ಬಿಸಿ ಒಂಬತ್ತು ಪಟ್ಟು. 50 ಗ್ರಾಂ ಮೋಟರ್ ಅದನ್ನು ಎಲ್ಲಿಗೆ ಬಿಡಬೇಕು? ತಂತಿಯ ಮೇಲಿನ ಎನಾಮಲ್ ಸುಟ್ಟಿತು, ಹೊಗೆ ಬಂತು. ಆ 2200 ಕೆವಿ ಮೋಟರಿಗೆ 3ಎಸ್ ಜೊತೆ 6 ಇಂಚಿನ ಆಸುಪಾಸಿನ ಬ್ಲೇಡು ಹಾಕಬೇಕಿತ್ತು. ವೇಗದ ಸಣ್ಣ ವಿಮಾನಕ್ಕೆ ಅದು ಒಳ್ಳೆಯ ಮೋಟರೇ.

ಈಗ ಸರಿಯಾದ ದಾರಿ. ಮೋಟರನ್ನು ಕೊನೆಗೆ ಆರಿಸಿ. ಮೊದಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ತಗೊಳ್ಳಿ. ನಿಮ್ಮ 600 ಗ್ರಾಂ ಮೇಲೆ ಮೋಟರಿಗೆ 55, ಇಎಸ್‌ಸಿಗೆ 28, ಬ್ಯಾಟರಿಗೆ 185, ಪ್ರೊಪೆಲ್ಲರ್, ಮೌಂಟ್, ಸ್ಕ್ರೂ ಎಲ್ಲ ಸೇರಿ 20, 25 ಗ್ರಾಂ. ಒಟ್ಟು 900 ಗ್ರಾಂ ಅಂತ ಹಿಡಿಯಿರಿ. ಇದು ಹಾರುವಾಗಿನ ತೂಕ. ಉಳಿದ ಎಲ್ಲ ಲೆಕ್ಕವೂ ಇದರ ಮೇಲೆ ನಿಂತಿದೆ.

ತೂಕ ಗೊತ್ತಾದರೆ ವಾಟ್ ಗೊತ್ತಾಗುತ್ತದೆ. ಮೆಲ್ಲಗೆ ತೇಲುವ ವಿಮಾನಕ್ಕೆ ಕಿಲೋಗೆ 100ರಿಂದ 150 ವಾಟ್ ಸಾಕು. ಕಲಿಯುವ ಟ್ರೇನರಿಗೆ 150ರಿಂದ 200. ಲೂಪ್, ರೋಲ್ ಹೊಡೆಯಬೇಕು ಅಂದರೆ 200ರಿಂದ 250. ಮೂತಿ ಮೇಲೆ ಮಾಡಿ ಗಾಳಿಯಲ್ಲಿ ನಿಲ್ಲಿಸುವ ಆಟಕ್ಕೆ 300ಕ್ಕೂ ಮೇಲೆ. ಇವು ಬ್ಯಾಟರಿಯಿಂದ ಹೊರಬರುವ ವಾಟ್. ಹವ್ಯಾಸಿಗಳು ವರ್ಷಗಟ್ಟಲೆ ಬಳಸಿ ಕಂಡುಕೊಂಡ ಅಂದಾಜು. ನಿಮ್ಮ 900 ಗ್ರಾಂಗೆ 135ರಿಂದ 180 ವಾಟ್ ಬಂತು. ನಾನಾದರೆ 160ರ ಹತ್ತಿರ ಗುರಿ ಇಡುತ್ತೇನೆ. ಭಾರ ಹೊತ್ತಾಗ 3ಎಸ್ ಬ್ಯಾಟರಿ 11 ವೋಲ್ಟಿಗೆ ಇಳಿಯುತ್ತದೆ. 160ನ್ನು 11ರಿಂದ ಭಾಗಿಸಿದರೆ 14.5 ಆಂಪಿಯರ್.

ಈಗ ಪ್ರೊಪೆಲ್ಲರ್. ಇಲ್ಲಿ ಸ್ವಲ್ಪ ನಿಧಾನಿಸಿ, ಯಾಕೆಂದರೆ ಎಲ್ಲರೂ ಇಲ್ಲೇ ಅವಸರ ಮಾಡುತ್ತಾರೆ. ಮೊದಲ ಅಂಕಿ ತುದಿಯಿಂದ ತುದಿಗೆ ಬ್ಲೇಡಿನ ಉದ್ದ. ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಅದು ಗಾಳಿಯನ್ನು ಕೊರೆದು ಮುಂದೆ ಹೋಗಬೇಕಾದ ದೂರ. ಎರಡೂ ಇಂಚಿನಲ್ಲಿ. 10×4.5 ಬ್ಲೇಡು 7,500 ಸುತ್ತು ತಿರುಗಿದರೆ ಪಿಚ್ ಲೆಕ್ಕದಲ್ಲಿ ಗಂಟೆಗೆ 51 ಕಿ.ಮೀ. ವೇಗ. 9×6 ಬ್ಲೇಡು 8,500 ಸುತ್ತಿಗೆ 78 ಕಿ.ಮೀ. ನಿಮ್ಮ ರೆಕ್ಕೆಗೆ 900 ಗ್ರಾಂ ತೂಕದಲ್ಲಿ ಸ್ಟಾಲ್ ವೇಗ ಗಂಟೆಗೆ ಸುಮಾರು 29 ಕಿ.ಮೀ. ಬರುತ್ತದೆ. ಅದಕ್ಕಿಂತ ಕೆಳಗೆ ಇಳಿದರೆ ರೆಕ್ಕೆ ಎತ್ತುವುದಿಲ್ಲ, ವಿಮಾನ ಬೀಳುತ್ತದೆ. ಪಿಚ್ ವೇಗ ಸ್ಟಾಲ್ ವೇಗದ ಎರಡೂವರೆ ಪಟ್ಟು ಇರಬೇಕು ಅನ್ನುವುದು ನಾನು ನಂಬಿದ ಅಳತೆ. 51 ಅದಕ್ಕೆ ಸಾಲದು. 78 ಸಾಕು.

ಟೇಬಲ್ ಮೇಲೆ 10×4.5 ಜೋರಾಗಿ ಎಳೆಯುತ್ತದೆ, ನಿಜ. ಆದರೆ ನಮ್ಮ ಕಡೆ ಆಷಾಢದ ಗಾಳಿ ಗೊತ್ತಲ್ಲ. ಕೆಲವು ವರ್ಷಗಳ ಹಿಂದೆ ಮುಧೋಳ ಕಡೆಯ ಹೊಲವೊಂದರಲ್ಲಿ ಅಂಥದೇ ಕಡಿಮೆ ಪಿಚ್ಚಿನ ಬ್ಲೇಡು ಹಾಕಿ ಹಾರಿಸಿದ್ದೆ. ಗಾಳಿ ಎದ್ದಿತು. ಫುಲ್ ಥ್ರಾಟಲ್ ಕೊಟ್ಟರೂ ವಿಮಾನ ನನ್ನ ಕಡೆ ಬರಲಿಲ್ಲ. ಮೂತಿ ನನ್ನತ್ತಲೇ ಇತ್ತು, ಹಿಂದಕ್ಕೆ ಸರಿಯುತ್ತಾ ಕಬ್ಬಿನ ತೋಟದ ಆಚೆ ಹೋಯಿತು. ಎರಡು ದಿನ ಹುಡುಕಿದೆವು. ಆಳೆತ್ತರದ ಕಬ್ಬಿನಲ್ಲಿ ಅದು ಸಿಗಲಿಲ್ಲ. ಆ ದಿನದಿಂದ ಪಿಚ್ ವೇಗ ಲೆಕ್ಕ ಹಾಕದೆ ನಾನು ಬ್ಲೇಡು ಬಿಗಿಯುವುದಿಲ್ಲ. ನಿಮಗೆ 9×6 ಸರಿ. ಬ್ಲೇಡಿನ ಮೇಲೆ ಎಲೆಕ್ಟ್ರಿಕ್ ವಿಮಾನಕ್ಕೆ ಅಂತ ಗುರುತು ಇರಲಿ. ಸ್ಲೋ ಫ್ಲೈ ಅಂತ ಬರುವ ತೆಳು ಬ್ಲೇಡುಗಳಿಗೆ ಸುತ್ತಿನ ಮಿತಿ ಕಡಿಮೆ. ಎಪಿಸಿ ಕಂಪನಿ ತನ್ನ ಸ್ಲೋ ಫ್ಲೈ ಬ್ಲೇಡಿಗೆ 65,000ವನ್ನು ಇಂಚಿನ ಉದ್ದದಿಂದ ಭಾಗಿಸಿದಷ್ಟೇ ಸುತ್ತು ಅನ್ನುತ್ತದೆ. 10 ಇಂಚಿಗೆ 6,500. ನೀವು ಹಾಕಿದ 10×4.5 ಅಂಥದ್ದಾಗಿದ್ದರೆ ಮೋಟರ್ ಸುಟ್ಟದ್ದೇ ಒಳ್ಳೆಯದಾಯಿತು. ಬ್ಲೇಡು ಮುರಿದು ಹಾರಿದ್ದರೆ ಮುಖಕ್ಕೆ ಬಡಿಯುತ್ತಿತ್ತು.

ಬ್ಲೇಡು ಗೊತ್ತಾಯಿತು, ಸುತ್ತು ಗೊತ್ತಾಯಿತು. ಇನ್ನು ಕೆವಿ ತಾನಾಗಿ ಬರುತ್ತದೆ. ಹೊರೆ ಬಿದ್ದಾಗ ಮೋಟರ್ ತನ್ನ ಖಾಲಿ ಸುತ್ತಿನ ಮುಕ್ಕಾಲು ಪಾಲಿಗೆ ಇಳಿಯುತ್ತದೆ. 8,500 ಬೇಕಾದರೆ ಖಾಲಿ ಸುತ್ತು 11,000ದ ಮೇಲಿರಬೇಕು. 11.1 ವೋಲ್ಟಿಗೆ ಅದು ಹೆಚ್ಚುಕಡಿಮೆ 1000 ಕೆವಿ. ಅಳತೆ ಅದೇ 2212 ಸಾಕು. ಈ ಅಂಕಿಯಲ್ಲಿ 22 ಅಂದರೆ ಒಳಗಿನ ಸ್ಟೇಟರಿನ (ತಂತಿ ಸುತ್ತಿದ, ತಿರುಗದ ಭಾಗದ) ಅಡ್ಡಳತೆ, 12 ಅಂದರೆ ಅದರ ಎತ್ತರ, ಮಿಲಿಮೀಟರಿನಲ್ಲಿ. ಕೆಲವು ತಯಾರಕರು ಹೊರಗಿನ ಡಬ್ಬಿಯ ಅಳತೆ ಬರೆಯುತ್ತಾರೆ. ಆಗ ಇದೇ ಮೋಟರ್ 28ರಿಂದ ಶುರುವಾಗುವ ಅಂಕಿಯಲ್ಲಿ ಬರುತ್ತದೆ. ಹಾಗಾಗಿ ಅಂಕಿಗಿಂತ ತೂಕ ನೋಡುವುದು ಮೇಲು. ಒಂದು ಗ್ರಾಂ ಮೋಟರಿಗೆ ಮೂರು ವಾಟ್ ಅಂತ ಹಿಡಿದರೆ ಅದು ಬಹಳ ದಿನ ಬಾಳುತ್ತದೆ. 55 ಗ್ರಾಂಗೆ 165 ವಾಟ್. ನಿಮ್ಮ 160ಕ್ಕೆ ಸರಿಹೋಯಿತು, ಆದರೆ ಅಂಚಿಗೆ ಬಂತು. ವಿಮಾನ ಒಂದು ಕಿಲೋ ದಾಟುವ ಅನುಮಾನ ಇದ್ದರೆ 2216 ಅಳತೆಯ 900 ಕೆವಿ ಆಸುಪಾಸಿನದನ್ನು ತಗೊಳ್ಳಿ. 20 ಗ್ರಾಂ ಜಾಸ್ತಿ ಆಗುತ್ತದೆ, ಆದರೆ ತಣ್ಣಗೆ ಓಡುತ್ತದೆ.

ತಣ್ಣಗೆ ಅಂದಾಗ ನಮ್ಮ ಊರುಗಳ ಬಿಸಿಲಿನ ಮಾತು ಬರಲೇಬೇಕು. ತಯಾರಕರ ಪಟ್ಟಿಯ ಥ್ರಸ್ಟ್ (ಎಳೆತದ) ಅಂಕಿ ನಮ್ಮ ಹೊಲದ್ದಲ್ಲ. ಬಾಗಲಕೋಟೆ, ವಿಜಯಪುರ ಸಮುದ್ರ ಮಟ್ಟಕ್ಕಿಂತ 500 ಮೀಟರಿಗೂ ಮೇಲಿವೆ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಇದ್ದಾಗ ಇಲ್ಲಿನ ಗಾಳಿ, ಸಮುದ್ರದ ದಂಡೆಯ 15 ಡಿಗ್ರಿ ಗಾಳಿಗಿಂತ ಶೇ 13ರಷ್ಟು ತೆಳು. ಎಳೆತ ಅಷ್ಟು ಕಮ್ಮಿ, ಮೋಟರಿಗೆ ತಂಪೂ ಕಮ್ಮಿ. ಮೂತಿಯಲ್ಲಿ ಗಾಳಿ ಒಳಬರಲು ಕಿಂಡಿ ಬಿಡಿ. ಹಿಂದೆ ಹೊರಹೋಗಲು ಅದಕ್ಕಿಂತ ದೊಡ್ಡ ಕಿಂಡಿ ಬಿಡಿ. ಅತಿಯಾಗಿ ಕಾದರೆ ಅಯಸ್ಕಾಂತದ ಬಲವೂ ಕುಗ್ಗುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ 80 ಡಿಗ್ರಿ ದಾಟಿದರೆ ಅಪಾಯಕ್ಕೆ ಹತ್ತಿರ. ಬಲ ಕುಗ್ಗಿದರೆ ಕೆವಿ ಏರುತ್ತದೆ, ಕರೆಂಟ್ ಇನ್ನೂ ಏರುತ್ತದೆ, ಬಿಸಿ ಮತ್ತೂ ಏರುತ್ತದೆ. ಒಮ್ಮೆ ಕಾದು ಕೆಂಡವಾದ ಮೋಟರನ್ನು ರಿವೈಂಡ್ ಮಾಡಿದರೂ ಮೊದಲಿನಂತೆ ಆಗದಿರುವುದು ಇದೇ ಕಾರಣಕ್ಕೆ. ನಿಮ್ಮದನ್ನು ಕೈಯಿಂದ ತಿರುಗಿಸಿ ನೋಡಿ. ಮೂರು ವೈರ್ ಬಿಡಿ ಇದ್ದಾಗಲೂ ಬ್ರೇಕ್ ಹಿಡಿದಂತೆ ಬಿಗಿಯಾಗಿದ್ದರೆ ಒಳಗೆ ಶಾರ್ಟ್ ಆಗಿದೆ, ಇಎಸ್‌ಸಿಗೆ ಮತ್ತೆ ಜೋಡಿಸಬೇಡಿ.

ಆ ಇಎಸ್‌ಸಿ ಬದುಕಿದೆಯೋ ಇಲ್ಲವೋ ಅಂತ ನೇರ ಬ್ಯಾಟರಿಗೆ ಕೊಟ್ಟು ನೋಡಬೇಡಿ. ನಮ್ಮ ಅಂಗಡಿಯ ಸೀರೀಸ್ ಬಲ್ಬಿನ ಉಪಾಯ ಮಾಡಿ. ಬೈಕಿನ 12 ವೋಲ್ಟ್ ಹೆಡ್‌ಲೈಟ್ ಬಲ್ಬನ್ನು ಪಾಸಿಟಿವ್ ವೈರಿನ ನಡುವೆ ಸೇರಿಸಿ, ಆಮೇಲೆ ಜೋಡಿಸಿ. ಬಲ್ಬ್ ಜೋರಾಗಿ ಉರಿದು ನಿಂತರೆ ಇಎಸ್‌ಸಿ ಶಾರ್ಟ್. ಒಮ್ಮೆ ಮಿಂಚಿ ಆರಿದರೆ ಶಾರ್ಟ್ ಇಲ್ಲ ಅಂತ ತಿಳಿಯಿರಿ. ಇಎಸ್‌ಸಿ ಬದುಕಿದ್ದರೆ 15 ಆಂಪಿಯರ್ ಕೆಲಸಕ್ಕೆ 30 ಆಂಪಿಯರಿನದು ಧಾರಾಳ. ಹೊಸ ಮೋಟರ್ ಉಲ್ಟಾ ತಿರುಗಿದರೆ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ, ನಮ್ಮ ತ್ರೀ ಫೇಸ್ ಪಂಪಿಗೆ ಮಾಡುವ ಹಾಗೇ. ಬ್ಯಾಟರಿ ಕಡೆಯ ಕೆಂಪು ಕಪ್ಪು ಮಾತ್ರ ಎಂದೂ ಬದಲಿಸಬೇಡಿ.

ಬ್ಯಾಟರಿಗೆ ಬರೋಣ. ಉಬ್ಬಿದ್ದನ್ನು ಇನ್ನು ಬಳಸಬೇಡಿ. ಸ್ವಲ್ಪವೇ ಉಬ್ಬಿದೆ ಅಂತ ಆಸೆ ಪಡಬೇಡಿ. ಅದೇ ಹೆಡ್‌ಲೈಟ್ ಬಲ್ಬ್ ಹಾಕಿ, ಬಯಲಿನಲ್ಲಿ ಮಣ್ಣಿನ ಮೇಲಿಟ್ಟು ಪೂರ್ತಿ ಖಾಲಿ ಮಾಡಿ. ಆಮೇಲೆ ಇ-ತ್ಯಾಜ್ಯಕ್ಕೆ ಕೊಡಿ. ತಿಪ್ಪೆಗೆ ಎಸೆಯಬೇಡಿ.

ಹೊಸದು 3ಎಸ್ 2200 ಎಂಎಎಚ್ ಆಗಬಹುದು. 3ಎಸ್ ಅಂದರೆ ಮೂರು ಸೆಲ್ ಸಾಲಾಗಿ. ಒಂದೊಂದು ತುಂಬಿದಾಗ 4.2 ವೋಲ್ಟ್, ನಡುವೆ 3.7. 2200 ಎಂಎಎಚ್ ಅಂದರೆ 2.2 ಆಂಪಿಯರನ್ನು ಒಂದು ತಾಸು ಕೊಡುವ ಬ್ಯಾಟರಿ. ಅದಕ್ಕೆ ಸಿ ಅಂಕಿ ಗುಣಿಸಿದರೆ ಎಷ್ಟು ಆಂಪಿಯರ್ ಎಳೆಯಬಹುದು ಅಂತ ಬರುತ್ತದೆ. 2.2ನ್ನು 25ರಿಂದ ಗುಣಿಸಿ, 55 ಆಂಪಿಯರ್. ಈ ಚೀಟಿಯ ಅಂಕಿಯಲ್ಲಿ ಅರ್ಧ ಮಾತ್ರ ನಂಬುವುದು ನನ್ನ ರೂಢಿ. ಅರ್ಧ ಅಂದರೂ 27 ಆಂಪಿಯರ್, ನಿಮಗೆ ಬೇಕಾದದ್ದು 15. ಹಾಗಾಗಿ 60ಸಿ, 80ಸಿ ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಹೆಚ್ಚಿನ ಸಿ ಬ್ಯಾಟರಿ ಸಾಮಾನ್ಯವಾಗಿ ತೂಕವೂ ಜಾಸ್ತಿ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ 18650 ಸೆಲ್ ಕಟ್ಟಬಹುದಾ ಅಂತ ಹುಡುಗರು ಕೇಳುತ್ತಿರುತ್ತಾರೆ. ಅವು ಮೆಲ್ಲಗೆ ಕರೆಂಟ್ ಕೊಡಲು ಮಾಡಿದವು. 15 ಆಂಪಿಯರ್ ಕೇಳಿದರೆ ವೋಲ್ಟ್ ಕುಸಿಯುತ್ತದೆ, ಸೆಲ್ ಕಾಯುತ್ತದೆ. ಕಲಿಯುವ ವಿಮಾನಕ್ಕೆ ಬೇಡ.

4400 ಹಾಕಿದರೆ ಡಬಲ್ ಹೊತ್ತು ಹಾರುತ್ತಾ? ಇಲ್ಲ. ಒಳ್ಳೆಯ ಪ್ರಶ್ನೆ, ಲೆಕ್ಕ ಹಾಕಿಯೇ ನೋಡೋಣ. ಬ್ಯಾಟರಿ 180 ಗ್ರಾಂ ಹೆಚ್ಚಾಗುತ್ತದೆ. 900 ಹೋಗಿ 1080 ಆಯಿತು, ಶೇ 20 ಜಾಸ್ತಿ. ಗಾಳಿಯಲ್ಲಿ ಮಟ್ಟಸವಾಗಿ ಹಾರಲು ಬೇಕಾದ ಶಕ್ತಿ ತೂಕದ ಒಂದೂವರೆ ಘಾತಕ್ಕೆ ಏರುತ್ತದೆ. 1.2ಕ್ಕೆ ಅದು 1.31. ಡಬಲ್ ಸಾಮರ್ಥ್ಯವನ್ನು 1.31ರಿಂದ ಭಾಗಿಸಿ, ಒಂದೂವರೆ ಪಟ್ಟು ಹೊತ್ತು ಸಿಗುತ್ತದೆ. ಅದರ ಬೆಲೆ ಏನು? ಸ್ಟಾಲ್ ವೇಗ ಶೇ 10ರಷ್ಟು ಏರುತ್ತದೆ. ಇಳಿಸುವಾಗ ಅಷ್ಟು ಜೋರಾಗಿ ನೆಲಕ್ಕೆ ಬರುತ್ತದೆ, ಬಿದ್ದರೆ ಪೆಟ್ಟೂ ಜಾಸ್ತಿ. ಅದೇ ದುಡ್ಡಿಗೆ ಎರಡು 2200 ಬ್ಯಾಟರಿ ಕೊಳ್ಳಿ. ಒಂದು ಹಾರಿಸಿ, ಇಳಿಸಿ, ಮೋಟರ್ ಆರುವ ತನಕ ಕಾಯಿರಿ, ಇನ್ನೊಂದು ಹಾಕಿ. ಕಲಿಯುವವರಿಗೆ ನಡುವಿನ ಆ ಹತ್ತು ನಿಮಿಷವೂ ಬೇಕು.

ನಮ್ಮ ಭಾಗದಲ್ಲಿ ಲಿಪೊ ಸಾಯುವುದು ಹಾರಿಸಿದ್ದಕ್ಕಿಂತ ಇಟ್ಟದ್ದಕ್ಕೆ ಜಾಸ್ತಿ. ಪೂರ್ತಿ ಚಾರ್ಜ್ ಮಾಡಿ ಬೇಸಿಗೆಯಲ್ಲಿ ಪತ್ರಾಸಿನ ಮನೆಯೊಳಗೆ ವಾರಗಟ್ಟಲೆ ಇಟ್ಟರೆ ತಾನಾಗಿ ಉಬ್ಬುತ್ತದೆ. ಎರಡು ಮೂರು ದಿನ ಹಾರಿಸುವುದಿಲ್ಲ ಅಂದರೆ ಸೆಲ್ಲಿಗೆ 3.8 ವೋಲ್ಟಿಗೆ ತಂದು ಇಡಿ. ಚಾರ್ಜರಿನಲ್ಲಿ ಸ್ಟೋರೇಜ್ ಅಂತ ಆಯ್ಕೆ ಇರುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ, ಬೈಕಿನ ಡಬ್ಬಿಯಲ್ಲಿ ಬಿಡಬೇಡಿ. ಹಾರಿಸಿದ ಕೂಡಲೇ ಚಾರ್ಜಿಗೆ ಹಾಕಬೇಡಿ, ಮೈ ಆರಲಿ. ಚಾರ್ಜ್ 2.2 ಆಂಪಿಯರಿಗೆ, ಎಲ್ಲ ಸೆಲ್ ಸಮನಾಗಿ ತುಂಬಿಸುವ ಬ್ಯಾಲೆನ್ಸ್ ವೈರ್ ಹಾಕಿಯೇ. ಹಾಸ್ಟೆಲ್ ಮಂಚದ ಮೇಲೆ ಎಂದೂ ಬೇಡ. ಬರಿ ಫರಸಿ ನೆಲದ ಮೇಲೆ, ಸುತ್ತ ಬಟ್ಟೆ ಪುಸ್ತಕ ಇಲ್ಲದ ಕಡೆ ಇಡಿ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳಿರಲಿ. ಚಾರ್ಜ್ ಮುಗಿಯುವ ತನಕ ಅಲ್ಲೇ ಕೂತಿರಿ. ಲಿಪೊ ಹೊತ್ತಿಕೊಂಡರೆ ಕೋಣೆ ತುಂಬ ಬೆಂಕಿ, ವಿಷದ ಹೊಗೆ. ಈ ವಿಷಯದಲ್ಲಿ ಯಾರ ಧೈರ್ಯದ ಮಾತನ್ನೂ ಕೇಳಬೇಡಿ.

ಎಲ್ಲ ತಂದ ಮೇಲೆ ಇನ್ನೊಂದು ಸಾಮಾನು ಬೇಕು, ವಾಟ್ ಮೀಟರ್. ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ಜೋಡಿಸುವ ಸಣ್ಣ ಡಬ್ಬಿ ಅದು. ನಿಮ್ಮ ಹತ್ತಿರ ಇದ್ದಿದ್ದರೆ ಎರಡನೇ ಸೆಕೆಂಡಿಗೇ ಗೊತ್ತಾಗಿ ಥ್ರಾಟಲ್ ಇಳಿಸುತ್ತಿದ್ದಿರಿ. ನಾನು ಮೇಲೆ ಕೊಟ್ಟದ್ದೆಲ್ಲ ಲೆಕ್ಕ. ಮೀಟರ್ ತೋರಿಸುವುದು ನಿಜ. ವಿಮಾನದ ಬಾಲ ಗಟ್ಟಿಯಾಗಿ ಕಟ್ಟಿ, ನೀವು ಬ್ಲೇಡಿನ ಹಿಂದೆ ನಿಂತುಕೊಳ್ಳಿ. ಪಕ್ಕದಲ್ಲಿ, ಮುಂದೆ ಯಾರೂ ಇರಬಾರದು. ಥ್ರಾಟಲ್ ಮೆಲ್ಲಗೆ ಏರಿಸಿ. ಪೂರ್ತಿ ಏರಿದ ಮೇಲೆ 10 ಸೆಕೆಂಡಿಗಿಂತ ಜಾಸ್ತಿ ಬೇಡ. 14, 15 ಆಂಪಿಯರ್ ಬಂದರೆ ಸರಿ. 18 ದಾಟಿದರೆ ಪಿಚ್ ಒಂದು ಇಂಚು ಇಳಿಸಿ, 9×5 ಹಾಕಿ. ಸೆಲ್ಲಿಗೆ 3.5 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ ಅಂತ ಅರ್ಥ. ಆಮೇಲೆ ಬ್ಯಾಟರಿ ಬಿಚ್ಚಿ ಮೋಟರ್ ಮುಟ್ಟಿ ನೋಡಿ. ಐದು ಸೆಕೆಂಡ್ ಬೆರಳು ಹಿಡಿಯಲು ಆಗದಿದ್ದರೆ ಹೊರೆ ಇನ್ನೂ ಜಾಸ್ತಿಯಿದೆ.

ಹಾರಿಸುವ ಜಾಗದ ಮಾತು ಚಿಕ್ಕದಾಗಿ. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೂ ಅನ್ವಯಿಸುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯ ಇದ್ದಲ್ಲಿ 400 ಅಡಿ ತನಕ ಅನುಮತಿ ಬೇಕಿಲ್ಲ. ಬೆಳಗಾವಿಯ ಸಾಂಬ್ರಾದಲ್ಲಿ ವಿಮಾನ ನಿಲ್ದಾಣವೂ ವಾಯುಪಡೆಯ ನೆಲೆಯೂ ಇವೆ. ಅದಕ್ಕೇ ಕಾಲೇಜಿನ ಹತ್ತಿರ ಹಾರಿಸುವ ಮುಂಚೆ ನಕ್ಷೆ ನೋಡಲೇಬೇಕು. ನಿಮ್ಮ ಊರಲ್ಲಿ ಜೋಳ ಕೊಯ್ದಾದ ಮೇಲಿನ ಎರೆಹೊಲ ಇದಕ್ಕಿಂತ ನೂರು ಪಾಲು ಮೇಲು. ಬೆಳಿಗ್ಗೆ ಏಳರ ಒಳಗೆ ಹೋಗಿ, ಗಾಳಿ ಇರುವುದಿಲ್ಲ.

ಮೊದಲ ಸಲ ಆರು ನಿಮಿಷಕ್ಕೆ ಇಳಿಸಿ. ಮನೆಗೆ ಬಂದು ಚಾರ್ಜಿಗೆ ಹಾಕಿದಾಗ ಚಾರ್ಜರ್ ಎಷ್ಟು ಎಂಎಎಚ್ ತುಂಬಿತು ಅಂತ ಬರೆದಿಡಿ. 1100 ತುಂಬಿತು ಅನ್ನಿ. ಬ್ಯಾಟರಿಯಲ್ಲಿ ಬಳಸಬೇಕಾದದ್ದು ಶೇ 80, ಅಂದರೆ 1760. ಆರು ನಿಮಿಷಕ್ಕೆ 1100 ಆದರೆ 1760ಕ್ಕೆ ಒಂಬತ್ತೂವರೆ ನಿಮಿಷ. ರಿಮೋಟಿನ ಟೈಮರನ್ನು ಒಂಬತ್ತಕ್ಕೆ ಇಡಿ. ಗಾಳಿ ಇರುವ ದಿನ ಏಳಕ್ಕೆ ಇಳಿಸಿ.